ಹಸಿರು ವಿದ್ಯುತ್ತಿನ ಕಡ್ಡಾಯ ಖರೀದಿ: ಹೊಗೆ ಕಡಿಮೆಯಾಗುವುದು ಯಾವ ಊರಿನಲ್ಲಿ?

ಥಾಣೆ ಪೂರ್ವದ ಕೋಪರಿಯಿಂದ ಡೊಂಬಿವಲಿ, ಕಲ್ಯಾಣ್‌ವರೆಗೆ, ಖಾಡಿಯ ಆಚೆ ನವಿಮುಂಬಯಿಯವರೆಗೆ ನೆಲೆಸಿರುವ ಕನ್ನಡಿಗರ ಮನೆಗಳಿಗೆ ತಿಂಗಳು ತಿಂಗಳೂ ವಿದ್ಯುತ್ ಬಿಲ್ ಬರುತ್ತದೆ. ಬಳಸಿದ ಯೂನಿಟ್ಟುಗಳೆಷ್ಟು, ಸ್ಥಿರ ಶುಲ್ಕವೆಷ್ಟು, ತೆರಿಗೆಯೆಷ್ಟು ಎಂಬುದೆಲ್ಲ ಅದರಲ್ಲಿ ನಮೂದಾಗಿರುತ್ತದೆ. ಆ ವಿದ್ಯುತ್ತಿಗಾಗಿ ಎಲ್ಲಿ ಎಷ್ಟು ಕಲ್ಲಿದ್ದಲು ಉರಿಯಿತು, ಯಾರ ಊರಿನ ಆಕಾಶಕ್ಕೆ ಎಷ್ಟು ಹೊಗೆ ಸೇರಿತು ಎಂಬ ಲೆಕ್ಕ ಮಾತ್ರ ಅಲ್ಲಿ ದೊರೆಯದು. ವಿದ್ಯುತ್ ವಿತರಿಸುವ ಕಂಪೆನಿಗಳು ತಾವು ಮಾರುವ ವಿದ್ಯುತ್ತಿನ ಇಂತಿಷ್ಟು ಪಾಲನ್ನು ಸೂರ್ಯ, ಗಾಳಿ, ನೀರು ಮೊದಲಾದ ನವೀಕರಿಸಬಹುದಾದ ಮೂಲಗಳಿಂದಲೇ ಕೊಳ್ಳಬೇಕೆಂಬ ಕಾನೂನು ನಮ್ಮಲ್ಲಿ ಎರಡು ದಶಕಗಳಿಂದ ಜಾರಿಯಲ್ಲಿದೆ. ಈ ಕಾನೂನಿನಿಂದ ಇಂಗಾಲದ ಹೊರಸೂಸುವಿಕೆ ನಿಜವಾಗಿಯೂ ಕಡಿಮೆಯಾಗಿದೆಯೇ, ಆಗಿದ್ದರೆ ಯಾವ ಪ್ರದೇಶದಲ್ಲಿ ಎಂಬುದನ್ನು ನಮ್ಮ ಕರ್ಮಭೂಮಿ ಮಹಾರಾಷ್ಟ್ರ ಮತ್ತು ಜನ್ಮಭೂಮಿ ಕರ್ನಾಟಕ ಎರಡರ ಉದಾಹರಣೆಗಳೊಂದಿಗೆ ಇಲ್ಲಿ ಪರಿಶೀಲಿಸುತ್ತಿದ್ದೇವೆ.

ಕಡ್ಡಾಯ ಖರೀದಿ ಎಂದರೇನು?

2003ರ ವಿದ್ಯುತ್ ಕಾಯ್ದೆಯ 86(1)(ಇ) ಕಲಮು ಪ್ರತಿಯೊಂದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗಕ್ಕೆ ಒಂದು ಹೊಣೆಯನ್ನು ವಹಿಸಿತು. ವಿತರಣಾ ಕಂಪೆನಿಯ ವ್ಯಾಪ್ತಿಯಲ್ಲಿ ಬಳಕೆಯಾಗುವ ಒಟ್ಟು ವಿದ್ಯುತ್ತಿನಲ್ಲಿ ನವೀಕರಿಸಬಹುದಾದ ಮೂಲಗಳ ಪಾಲು ಶೇಕಡಾ ಎಷ್ಟಿರಬೇಕೆಂದು ಆಯೋಗವು ಗೊತ್ತುಪಡಿಸಬೇಕು. ಇದನ್ನೇ ನವೀಕರಿಸಬಹುದಾದ ಇಂಧನ ಖರೀದಿ ಬಾಧ್ಯತೆ ಎಂದು ಕರೆಯುತ್ತಾರೆ. ವಿತರಣಾ ಕಂಪೆನಿಗಳಲ್ಲದೆ, ಸ್ವಂತ ಸ್ಥಾವರದಿಂದ ವಿದ್ಯುತ್ ಪಡೆಯುವ ಹಾಗೂ ಮುಕ್ತ ಪ್ರವೇಶದ ಮೂಲಕ ಹೊರಗಿನಿಂದ ಕೊಳ್ಳುವ ದೊಡ್ಡ ಕೈಗಾರಿಕೆಗಳಿಗೂ ಈ ಬಾಧ್ಯತೆ ಅನ್ವಯಿಸುತ್ತದೆ.

ಇಂತಹ ಕಾನೂನು ಮೊದಲು ಹುಟ್ಟಿದ್ದು ಅಮೆರಿಕದ ಅಯೋವಾ ರಾಜ್ಯದಲ್ಲಿ, 1983ರಲ್ಲಿ. ಭಾರತದಲ್ಲಿ ಮುಂದಡಿಯಿಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂಬುದು ನಮಗೆ ಹೆಮ್ಮೆಯ ಸಂಗತಿ. ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗವು 2004ರಲ್ಲಿಯೇ ಕನಿಷ್ಠ ಶೇ. 5, ಗರಿಷ್ಠ ಶೇ. 10 ಎಂಬ ಮಿತಿಗಳನ್ನು ನಿಗದಿಪಡಿಸಿತು. ಮಹಾರಾಷ್ಟ್ರ ಆಯೋಗದ 2006ರ ಆಗಸ್ಟ್ ಆದೇಶವು 2006-07ಕ್ಕೆ ಶೇ. 3ರಿಂದ ಆರಂಭಿಸಿ 2009-10ಕ್ಕೆ ಶೇ. 6ಕ್ಕೆ ಏರುವ ಮೆಟ್ಟಿಲುಗಳನ್ನು ಕಟ್ಟಿತು. 2019ರ ನಿಯಮಾವಳಿಯಲ್ಲಿ ಅದೇ ಆಯೋಗವು 2024-25ರ ಗುರಿಯನ್ನು ಶೇ. 25ಕ್ಕೆ ಒಯ್ದಿತು. ಬಳಿಕ ಕೇಂದ್ರ ಸರಕಾರವೇ ಇಂಧನ ಸಂರಕ್ಷಣಾ ಕಾಯ್ದೆಯನ್ನು ತಿದ್ದುಪಡಿ ಮಾಡಿ, 2023ರ ಅಕ್ಟೋಬರ್ 20ರ ಅಧಿಸೂಚನೆಯಲ್ಲಿ ಇಡೀ ದೇಶಕ್ಕೆ 2024-25ರಲ್ಲಿ ಶೇ. 29.91, 2029-30ರಲ್ಲಿ ಶೇ. 43.33 ಎಂಬ ಗುರಿಯನ್ನು ನಿಗದಿಪಡಿಸಿತು.

ಸ್ವತಃ ಹಸಿರು ವಿದ್ಯುತ್ತು ಕೊಳ್ಳಲಾಗದವರಿಗೆ ಪ್ರಮಾಣಪತ್ರದ ದಾರಿಯಿದೆ. ಒಂದು ಪ್ರಮಾಣಪತ್ರವೆಂದರೆ ಒಂದು ಸಾವಿರ ಯೂನಿಟ್ ಹಸಿರು ವಿದ್ಯುತ್ತು ಎಲ್ಲಿಯೋ ಉತ್ಪಾದನೆಯಾಗಿದೆ ಎಂಬುದರ ಪುರಾವೆ. 2010ರಲ್ಲಿ ರೂಪುಗೊಂಡ ಈ ವ್ಯವಸ್ಥೆಯಡಿ 2011ರಿಂದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ಇವುಗಳ ಕ್ರಯವಿಕ್ರಯ ನಡೆಯುತ್ತಿದೆ.

ಖರೀದಿಯ ಲೆಕ್ಕ ಬೇರೆ, ಹೊಗೆಯ ಲೆಕ್ಕ ಬೇರೆ

ಇಲ್ಲಿ ಓದುಗರು ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಈ ಕಾನೂನು ಅಳೆಯುವುದು ವರ್ಷವೊಂದರಲ್ಲಿ ಕೊಂಡ ಹಸಿರು ಯೂನಿಟ್ಟುಗಳ ಪಾಲನ್ನು. ಯಾವ ಚಿಮಣಿಯ ಹೊಗೆ ಎಷ್ಟು ತಗ್ಗಿತು ಎಂಬುದನ್ನು ಅದು ಕೇಳುವುದೇ ಇಲ್ಲ. ಹೊಗೆ ತಗ್ಗುವುದು ಹಸಿರು ವಿದ್ಯುತ್ತು ಜಾಲಕ್ಕೆ ಸೇರಿದಾಗ ಯಾವ ಸ್ಥಾವರವು ತನ್ನ ಉತ್ಪಾದನೆಯನ್ನು ಇಳಿಸುತ್ತದೆಯೋ ಆ ಊರಿನಲ್ಲಿ.

ಯಾವ ಸ್ಥಾವರ ಇಳಿಸಬೇಕೆಂಬುದನ್ನು ನಿರ್ಧರಿಸುವುದು ವೆಚ್ಚದ ಶ್ರೇಣಿ. ಪ್ರತಿದಿನ ಸ್ಥಾವರಗಳನ್ನು ಅವುಗಳ ಇಂಧನ ವೆಚ್ಚಕ್ಕನುಗುಣವಾಗಿ ಸಾಲಾಗಿ ನಿಲ್ಲಿಸಲಾಗುತ್ತದೆ. ಅಗ್ಗದ್ದಕ್ಕೆ ಮೊದಲ ಕರೆ, ದುಬಾರಿಗೆ ಕೊನೆಯ ಕರೆ. ಸೂರ್ಯನಿಗೂ ಗಾಳಿಗೂ ಇಂಧನ ವೆಚ್ಚವಿಲ್ಲವಾದ್ದರಿಂದ ಅವು ಸಾಲಿನ ಮುಂಭಾಗಕ್ಕೆ ಬರುತ್ತವೆ. ಅವು ಬಂದಷ್ಟೂ ಸಾಲಿನ ತುದಿಯಲ್ಲಿರುವ ದುಬಾರಿ ಸ್ಥಾವರಗಳು ಹೊರಗುಳಿಯುತ್ತವೆ. ಗಣಿಯ ಬಾಗಿಲಲ್ಲೇ ಇರುವ ಸ್ಥಾವರಕ್ಕೆ ಕಲ್ಲಿದ್ದಲು ಅಗ್ಗ. ರೈಲಿನಲ್ಲಿ ನೂರಾರು ಮೈಲಿ ಸಾಗಿಸಬೇಕಾದ, ಇಲ್ಲವೇ ಹಡಗಿನಲ್ಲಿ ವಿದೇಶದಿಂದ ತರಿಸಬೇಕಾದ ಸ್ಥಾವರಕ್ಕೆ ಅದೇ ಕಲ್ಲಿದ್ದಲು ದುಬಾರಿ. ಆದುದರಿಂದ ಒಂದು ರಾಜ್ಯದ ಕಡ್ಡಾಯದ ಫಲ ಯಾವ ಪ್ರದೇಶಕ್ಕೆ ದೊರೆಯುತ್ತದೆ ಎಂಬುದು ಬಹುಪಾಲು ಕಲ್ಲಿದ್ದಲಿನ ಸಾಗಣೆ ವೆಚ್ಚವನ್ನೇ ಅವಲಂಬಿಸಿದೆ.

ಇನ್ನೊಂದು ಸಂಗತಿಯನ್ನೂ ಮರೆಯಲಾಗದು. 2013ರ ಡಿಸೆಂಬರ್ 31ರಂದು ರಾಯಚೂರು ಮತ್ತು ಸೊಲ್ಲಾಪುರಗಳ ನಡುವಿನ 765 ಕಿಲೋವೋಲ್ಟ್ ಮಾರ್ಗದಲ್ಲಿ ವಿದ್ಯುತ್ ಹರಿಯಿತು. ಅದುವರೆಗೆ ಬೇರೆಯಾಗಿ ಮಿಡಿಯುತ್ತಿದ್ದ ದಕ್ಷಿಣ ಭಾರತದ ಜಾಲವು ಉಳಿದ ದೇಶದ ಜಾಲದೊಂದಿಗೆ ಅಂದು ಒಂದಾಯಿತು. ಕನ್ನಡ ನಾಡಿನ ಒಂದು ಊರಿಗೂ ಮಹಾರಾಷ್ಟ್ರದಲ್ಲಿದ್ದೂ ಕನ್ನಡದ ಕಂಪು ಉಳಿಸಿಕೊಂಡಿರುವ ಇನ್ನೊಂದು ಊರಿಗೂ ನಡುವೆ ಬಿದ್ದ ಈ ಗಂಟು ಭಾರತದ ವಿದ್ಯುತ್ ಇತಿಹಾಸದಲ್ಲಿ ಒಂದು ಮೈಲಿಗಲ್ಲು. ಅಲ್ಲಿಂದ ಮುಂದೆ ಪಾವಗಡದ ಬಿಸಿಲೂ ಚಂದ್ರಪುರದ ಕಲ್ಲಿದ್ದಲೂ ಒಂದೇ ಜಾಲದೊಳಗೆ ಬೆರೆಯುತ್ತವೆ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರವೂ ತನ್ನ ಇಂಗಾಲದ ಲೆಕ್ಕದಲ್ಲಿ ದಕ್ಷಿಣಕ್ಕೆ ಪ್ರತ್ಯೇಕವಾದ ಅಂಕಿಯನ್ನು ಕೈಬಿಟ್ಟು ಇಡೀ ಭಾರತಕ್ಕೆ ಒಂದೇ ಅಂಕಿಯನ್ನು ನೀಡತೊಡಗಿತು.

ತವರಿನ ಉದಾಹರಣೆ: ಪಾವಗಡ, ರಾಯಚೂರು, ಎಲ್ಲೂರು

ತುಮಕೂರು ಜಿಲ್ಲೆಯ ಬರಪೀಡಿತ ತಾಲೂಕಾದ ಪಾವಗಡದಲ್ಲಿ ತಿರುಮಣಿ, ವಳ್ಳೂರು ಮೊದಲಾದ ಗ್ರಾಮಗಳ ಸುಮಾರು 13,000 ಎಕರೆ ಭೂಮಿಯನ್ನು ರೈತರಿಂದ ಗುತ್ತಿಗೆಗೆ ಪಡೆದು ಸೌರ ಪಾರ್ಕು ನಿರ್ಮಿಸಲಾಯಿತು. 2018ರಲ್ಲಿ ಆರಂಭಗೊಂಡು 2019ರ ಅಂತ್ಯಕ್ಕೆ ಅದು 2,050 ಮೆಗಾವ್ಯಾಟ್ ಸಾಮರ್ಥ್ಯ ತಲುಪಿತು. ಅದು ವರ್ಷದ ಸರಾಸರಿಯಲ್ಲಿ ಸಾಮರ್ಥ್ಯದ ಶೇ. 22ರಷ್ಟು ಉತ್ಪಾದಿಸುತ್ತದೆಂದು ಹಿಡಿದರೂ ಸುಮಾರು 395 ಕೋಟಿ ಯೂನಿಟ್ಟುಗಳಾಗುತ್ತವೆ. ಕಲ್ಲಿದ್ದಲಿನ ಒಂದು ಯೂನಿಟ್ಟಿಗೆ 0.9 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಎಂದು ಲೆಕ್ಕ ಹಾಕಿದರೆ, ಈ ಯೂನಿಟ್ಟುಗಳೆಲ್ಲವೂ ಕಲ್ಲಿದ್ದಲನ್ನೇ ಬದಲಿಸಿದ ಪಕ್ಷದಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಟನ್ ಉಳಿತಾಯ.

ಆ ಉಳಿತಾಯ ಯಾವ ಊರಿಗೆ ಸಂದಿತು? ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. 1,720 ಮೆಗಾವ್ಯಾಟಿನ ರಾಯಚೂರು ಕೇಂದ್ರಕ್ಕೂ ಬಳ್ಳಾರಿಯ ಕುಡತಿನಿಯ 1,700 ಮೆಗಾವ್ಯಾಟಿನ ಕೇಂದ್ರಕ್ಕೂ ಕಲ್ಲಿದ್ದಲು ಹೊರರಾಜ್ಯಗಳಿಂದ ಬರಬೇಕು. ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವ್ಯಾಟಿನ ಸ್ಥಾವರವಂತೂ ಹಡಗಿನಲ್ಲಿ ನವಮಂಗಳೂರು ಬಂದರಿಗೆ ಬರುವ ವಿದೇಶಿ ಕಲ್ಲಿದ್ದಲನ್ನು ನಂಬಿ ನಿಂತದ್ದು. ಹೀಗೆ ವೆಚ್ಚದ ಸಾಲಿನಲ್ಲಿ ರಾಜ್ಯದೊಳಗಿನ ಸ್ಥಾವರಗಳೇ ಹಿಂದಕ್ಕೆ ಬಿದ್ದವು. ಸೌರ ಮತ್ತು ಪವನ ವಿದ್ಯುತ್ತು ಹೆಚ್ಚಿದ 2018ರ ನಂತರದ ವರ್ಷಗಳಲ್ಲಿ ಅವುಗಳ ಘಟಕಗಳಿಗೆ ಕರೆ ಕಡಿಮೆಯಾಯಿತು. ಗಣಿಯ ಬಳಿಯೇ ಇರುವ ತೆಲಂಗಾಣದ ರಾಮಗುಂಡಂನಂತಹ ಅಗ್ಗದ ಕೇಂದ್ರಗಳ ಸ್ಥಾನ ಸಾಲಿನ ಮುಂದೆಯೇ ಉಳಿಯಿತು. ಅಂದರೆ ಕರ್ನಾಟಕದ ಹಸಿರು ಖರೀದಿಯ ಫಲವಾಗಿ ಮೊದಲು ತಗ್ಗಿದ್ದು ಕರ್ನಾಟಕದ್ದೇ ಹೊಗೆ.

ಮುಂಬಯಿಯ ತುಳು-ಕನ್ನಡಿಗರಿಗೆ ಎಲ್ಲೂರು, ನಂದಿಕೂರು, ಪಡುಬಿದ್ರಿ ಕೇವಲ ಹೆಸರುಗಳಲ್ಲ, ಕುಟುಂಬದ ಮನೆ, ದೈವಸ್ಥಾನಗಳಿರುವ ಊರುಗಳು. ಸ್ಥಾವರದ ಬೂದಿ ಮತ್ತು ಉಪ್ಪಿನಂಶದಿಂದ ಮಲ್ಲಿಗೆ, ತೆಂಗು, ಗದ್ದೆಗಳಿಗೆ ಹಾನಿಯಾಗುತ್ತಿದೆ ಎಂದು ಅಲ್ಲಿನ ಕೃಷಿಕರು ವರ್ಷಗಟ್ಟಲೆ ದೂರಿದರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಸಾಗಿತು, 2022ರಲ್ಲಿ ಮಂಡಳಿಯು ಪರಿಸರ ಪರಿಹಾರ ಪಾವತಿಗೆ ಆದೇಶಿಸಿತು. ಇಂಗಾಲದ ಡೈಆಕ್ಸೈಡ್ ಭೂಮಂಡಲಕ್ಕೆಲ್ಲ ಸಮನಾಗಿ ಹರಡುವುದು ನಿಜ, ಬೂದಿಯಾದರೋ ಬೀಳುವುದು ಪಕ್ಕದ ಗದ್ದೆಯ ಮೇಲೆ. ಆದುದರಿಂದಲೇ ಯಾವ ಚಿಮಣಿ ಎಷ್ಟು ಗಂಟೆ ತಣ್ಣಗಿರುತ್ತದೆ ಎಂಬ ಪ್ರಶ್ನೆ ಊರಿನವರ ಪಾಲಿಗೆ ಅಂಕಿಅಂಶದ ವಿಷಯ ಮಾತ್ರವಲ್ಲ.

ಆದರೆ ಈ ಇಳಿಕೆ ಶಾಶ್ವತವೆಂದು ತಿಳಿಯಬಾರದು. 2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯಗಳು ತುಂಬಲಿಲ್ಲ, ಕೃಷಿ ಪಂಪುಸೆಟ್ಟುಗಳ ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ಕರ್ನಾಟಕ ಸರಕಾರವು ವಿದ್ಯುತ್ ಕಾಯ್ದೆಯ 11ನೆಯ ಕಲಮನ್ನು ಬಳಸಿ ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ನೀಡಬೇಕೆಂದು ಆದೇಶಿಸಿತು. ಉತ್ತರ ಪ್ರದೇಶ ಮತ್ತು ಪಂಜಾಬ್‌ಗಳಿಂದ ವಿನಿಮಯದ ಆಧಾರದಲ್ಲಿ ವಿದ್ಯುತ್ತು ತರಿಸಿತು. ಕಲ್ಲಿದ್ದಲಿನ ಸ್ಥಾವರಗಳಿಗೆ ಮತ್ತೆ ಕರೆ ಬಂತು. 25 ಮೆಗಾವ್ಯಾಟಿಗಿಂತ ದೊಡ್ಡ ಜಲವಿದ್ಯುತ್ತನ್ನು ಕೇಂದ್ರ ಸರಕಾರವು ನವೀಕರಿಸಬಹುದಾದ ಮೂಲವೆಂದು ಘೋಷಿಸಿದ್ದೇ 2019ರ ಮಾರ್ಚ್‌ನಲ್ಲಿ. ಅದುವರೆಗೆ ಶರಾವತಿಯ 1,035 ಮೆಗಾವ್ಯಾಟ್ ಬಾಧ್ಯತೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ರಾಜ್ಯದ ಹೊಗೆ ಮಾತ್ರ ಪ್ರತಿ ವರ್ಷವೂ ಲಿಂಗನಮಕ್ಕಿಯ ನೀರಿನ ಮಟ್ಟವನ್ನು ನೋಡಿಕೊಂಡೇ ಏರಿಳಿಯುತ್ತಿತ್ತು.

ಮುಂಬಯಿಯ ಸುತ್ತಮುತ್ತ

ನಮ್ಮ ಈ ಭಾಗಕ್ಕೂ ವಿದ್ಯುತ್ತಿಗೂ ಹಳೆಯ ನಂಟು. ಕಾವೇರಿಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದ ಹದಿಮೂರು ವರ್ಷಗಳ ನಂತರ, 1915ರಲ್ಲಿ, ಟಾಟಾ ಸಂಸ್ಥೆಯ ಖೋಪೋಲಿ ಕೇಂದ್ರದಿಂದ ಮುಂಬಯಿಯ ಗಿರಣಿಗಳಿಗೆ ಜಲವಿದ್ಯುತ್ತು ಬಂತು. ಕಲ್ಯಾಣ್ ಮತ್ತು ಡೊಂಬಿವಲಿಯ ನಡುವಿನ ಠಾಕುರ್ಲಿಯಲ್ಲಿ ರೈಲ್ವೆಯು ತನ್ನ ಗಾಡಿಗಳನ್ನು ಓಡಿಸಲು ಚೋಲಾ ಹೆಸರಿನ ಕಲ್ಲಿದ್ದಲಿನ ಕೇಂದ್ರವನ್ನೇ ಕಟ್ಟಿತ್ತು. ಅದು ಮುಚ್ಚಿ ದಶಕಗಳಾದವು. ನಮ್ಮ ಮನೆಗಳ ವಿದ್ಯುತ್ತು ಈಗ ಬಹುಪಾಲು ದೂರದಿಂದ ಬರುತ್ತದೆ. ಮಹಾವಿತರಣ್ ಕೊಳ್ಳುವ ವಿದ್ಯುತ್ತಿನಲ್ಲಿ ವಿದರ್ಭದ ಕಲ್ಲಿದ್ದಲಿನದ್ದೇ ದೊಡ್ಡ ಪಾಲು. ಚಂದ್ರಪುರದ ಕೇಂದ್ರವೊಂದೇ 2,920 ಮೆಗಾವ್ಯಾಟಿನದು. ಗಣಿಗಳ ನಡುವೆ ಇರುವುದರಿಂದ ಕಲ್ಲಿದ್ದಲಿನ ಸಾಗಣೆಯಲ್ಲಿ ಅದಕ್ಕೆ ಅನುಕೂಲವಿದೆ.

ಹೊಸ ಓದುಗರಿಗೆ ನೆನಪಿಸಬೇಕಾದ ಇನ್ನೊಂದು ಕಾಲಘಟ್ಟವಿದೆ. 2005ರ ನಂತರದ ಕೆಲವು ವರ್ಷ ಮುಂಬಯಿ ನಗರದಲ್ಲಿ ದೀಪ ಉರಿಯುತ್ತಿದ್ದಾಗ ಡೊಂಬಿವಲಿ, ಕಲ್ಯಾಣ್‌ಗಳಲ್ಲಿ ದಿನವೂ ಗಂಟೆಗಟ್ಟಲೆ ಲೋಡ್ ಶೆಡ್ಡಿಂಗ್ ಇರುತ್ತಿತ್ತು. ಮನೆಗಳಲ್ಲಿ ಇನ್ವರ್ಟರ್, ಅಂಗಡಿ ಹೋಟೆಲುಗಳಲ್ಲಿ ಡೀಸೆಲ್ ಜನರೇಟರ್. ಇಂತಹ ಕೊರತೆಯ ಕಾಲದಲ್ಲಿ ಕಡ್ಡಾಯದಿಂದ ಬಂದ ಸಾತಾರದ ಪವನ ವಿದ್ಯುತ್ತು ಕಲ್ಲಿದ್ದಲನ್ನು ಹಿಂದಕ್ಕೆ ತಳ್ಳಲು ಅವಕಾಶವೇ ಇರಲಿಲ್ಲ. ಎಲ್ಲ ಕಲ್ಲಿದ್ದಲೂ ಉರಿದ ಮೇಲೂ ಸಾಲದಿದ್ದಲ್ಲಿ ಅದು ಕತ್ತಲೆಯನ್ನು ತುಂಬಿತು, ಅಲ್ಲಲ್ಲಿ ಡೀಸೆಲನ್ನು ಉಳಿಸಿತು. ಅದೂ ಒಳ್ಳೆಯದೇ. ಆದರೆ ಕಲ್ಲಿದ್ದಲಿನ ಹೊಗೆ ತಗ್ಗಬೇಕಾದರೆ ಜಾಲದಲ್ಲಿ ಕೊರತೆ ನೀಗಿರಬೇಕು ಎಂಬ ಪಾಠ ಇದರಲ್ಲಿದೆ.

ಮುಂಬಯಿ ನಗರದ ಕಥೆ ಇನ್ನೂ ಬೇರೆ. ಚೆಂಬೂರು-ಮಾಹುಲ್ ಬಳಿಯ ಟ್ರಾಂಬೆ ಕೇಂದ್ರವೂ ಪಾಲ್ಘರ್ ಜಿಲ್ಲೆಯ ಡಹಾಣುವಿನ 500 ಮೆಗಾವ್ಯಾಟಿನ ಕೇಂದ್ರವೂ ನಗರಕ್ಕೆ ಮುಖ್ಯ ಆಧಾರಗಳು. ಟ್ರಾಂಬೆಯಲ್ಲಿ ಉರಿಯುವುದೂ ಹಡಗಿನಲ್ಲಿ ಬಂದ ಕಲ್ಲಿದ್ದಲೇ. ವೆಚ್ಚದ ಸಾಲನ್ನಷ್ಟೇ ನೋಡಿದರೆ ಎಲ್ಲೂರಿನಂತೆ ಟ್ರಾಂಬೆಯೂ ಹಿಂದೆ ಸರಿಯಬೇಕಿತ್ತು. ಹಾಗಾಗದಂತೆ ತಡೆದಿರುವುದು ತಂತಿಗಳ ಇಕ್ಕಟ್ಟು. ಸಮುದ್ರ, ಖಾಡಿ, ಕಾಡು, ಕಟ್ಟಡಗಳ ನಡುವೆ ಸಿಕ್ಕಿರುವ ನಗರಕ್ಕೆ ಹೊರಗಿನ ವಿದ್ಯುತ್ತನ್ನು ತರುವ ಮಾರ್ಗಗಳು ಬೆರಳೆಣಿಕೆಯಷ್ಟು. 2020ರ ಅಕ್ಟೋಬರ್ 12ರ ಬೆಳಿಗ್ಗೆ ನಮ್ಮ ಪಕ್ಕದ ಕಳವಾ ಮತ್ತು ಪಡಘಾ ನಡುವಿನ ಮಾರ್ಗಗಳು ಕೈಕೊಟ್ಟಾಗ ಮುಂಬಯಿ, ಥಾಣೆ, ನವಿಮುಂಬಯಿ ಒಟ್ಟಿಗೇ ಸ್ತಬ್ಧವಾದುದನ್ನೂ ಲೋಕಲ್ ರೈಲುಗಳು ನಡುದಾರಿಯಲ್ಲಿ ನಿಂತುದನ್ನೂ ಯಾರೂ ಮರೆತಿರಲಾರರು. ಇಂತಹ ಆಪತ್ತಿನಲ್ಲಿ ನಗರವನ್ನು ಜಾಲದಿಂದ ಬೇರ್ಪಡಿಸಿ ಉಳಿಸಿಕೊಳ್ಳಲು ನಗರದೊಳಗೆ ಉರಿಯುವ ಸ್ಥಾವರ ಬೇಕೇ ಬೇಕು.

ಉಪನಗರಗಳಿಗೆ ವಿದ್ಯುತ್ತು ನೀಡುವ ಅದಾನಿ ಎಲೆಕ್ಟ್ರಿಸಿಟಿಯು ರಾಜಸ್ಥಾನದ ಜೈಸಲ್ಮೇರ್‌ನ 700 ಮೆಗಾವ್ಯಾಟಿನ ಸೌರ-ಪವನ ಮಿಶ್ರ ಸ್ಥಾವರದಿಂದ 2023ರಿಂದ ವಿದ್ಯುತ್ತು ಕೊಳ್ಳುತ್ತಿದೆ. ಇದರಿಂದ ಅದರ ಹಸಿರು ಪಾಲು ಏರಿತು. ಆದರೂ ಮಾಹುಲ್‌ನ ನಿವಾಸಿಗಳಿಗೆ ಆ ಏರಿಕೆಯ ಫಲ ಅದೇ ಪ್ರಮಾಣದಲ್ಲಿ ತಲುಪಲಾರದು. ಅವರಿಗೆ ಹೆಚ್ಚು ನೆರವಾಗಬಲ್ಲದ್ದು 2023ರ ಅಕ್ಟೋಬರ್‌ನಲ್ಲಿ ಚಾಲನೆಗೊಂಡ ಖಾರ್ಘರ್-ವಿಕ್ರೋಲಿ ಮಾರ್ಗದಂತಹ ಹೊಸ ತಂತಿಗಳು. ಅದೊಂದೇ ನಗರಕ್ಕೆ ಸುಮಾರು 1,000 ಮೆಗಾವ್ಯಾಟ್ ಹೆಚ್ಚುವರಿ ವಿದ್ಯುತ್ತನ್ನು ತರಬಲ್ಲದು.

ಹಗಲಿನ ಬಿಸಿಲು, ಸಂಜೆಯ ದೀಪ

ಬಾಧ್ಯತೆಯ ಲೆಕ್ಕ ನಡೆಯುವುದು ವರ್ಷಕ್ಕೊಮ್ಮೆ. ನಮ್ಮ ಮನೆಗಳ ಬಳಕೆ ನಡೆಯುವುದು ಗಂಟೆಗಂಟೆಗೆ. ದುಡಿಯುವವರು ಲೋಕಲ್ ಹಿಡಿದು ಮನೆಗೆ ಮರಳುವ ಸಂಜೆ ಏಳರ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಅಲ್ಲಿಂದ ರಾತ್ರಿ ಹನ್ನೊಂದರವರೆಗೆ ಫ್ಯಾನು, ಎ.ಸಿ., ಲಿಫ್ಟು, ಟಿ.ವಿ.ಗಳಿಗೆ ಬೇಕಾದ ವಿದ್ಯುತ್ತನ್ನು ಬಹುಪಾಲು ಕಲ್ಲಿದ್ದಲೇ ಒದಗಿಸುತ್ತದೆ. ಕಲ್ಲಿದ್ದಲಿನ ಘಟಕವನ್ನು ಒಲೆಯಂತೆ ಬೇಕಾದಾಗ ಹಚ್ಚಿ ಬೇಡವಾದಾಗ ಆರಿಸಲಾಗದು. ಸಂಜೆಗೆ ಬೇಕೆಂದರೆ ಮಧ್ಯಾಹ್ನವೂ ಅದನ್ನು ಅರ್ಧಕ್ಕಿಂತ ತುಸು ಹೆಚ್ಚಿನ ಮಟ್ಟದಲ್ಲಿ ಉರಿಸುತ್ತಲೇ ಇರಬೇಕಾಗುತ್ತದೆ. ಹಾಗೆ ಇಳಿಸಿ ನಡೆಸುವಾಗ ಒಂದು ಯೂನಿಟ್ಟಿಗೆ ತಗಲುವ ಕಲ್ಲಿದ್ದಲೂ ಹೆಚ್ಚು. ಆದುದರಿಂದ ಹಸಿರು ಪಾಲು ಶೇ. 30 ಆಯಿತೆಂದ ಮಾತ್ರಕ್ಕೆ ಹೊಗೆಯೂ ಶೇ. 30 ಇಳಿಯಿತೆಂದು ಅರ್ಥವಲ್ಲ.

ಹಗಲಿನ ವಿದ್ಯುತ್ತನ್ನು ಸಂಜೆಗೆ ಉಳಿಸುವ ದಾರಿಗಳಲ್ಲಿ ಮುಖ್ಯವಾದುದು ನೀರನ್ನು ಮೇಲಿನ ಜಲಾಶಯಕ್ಕೆ ಪಂಪು ಮಾಡಿ ಸಂಜೆ ಕೆಳಕ್ಕೆ ಬಿಡುವ ಪದ್ಧತಿ. ಕರ್ಜತ್ ಬಳಿಯ ಭಿವಪುರಿಯಲ್ಲಿ 1,000 ಮತ್ತು ಶಿರವಟಾದಲ್ಲಿ 1,800 ಮೆಗಾವ್ಯಾಟಿನ ಇಂತಹ ಯೋಜನೆಗಳಿಗಾಗಿ ಟಾಟಾ ಪವರ್ 2023ರಲ್ಲಿ ಮಹಾರಾಷ್ಟ್ರ ಸರಕಾರದೊಂದಿಗೆ ಒಡಂಬಡಿಕೆ ಮಾಡಿಕೊಂಡಿತು. ಕರ್ನಾಟಕದ ಶರಾವತಿ ಕಣಿವೆಯಲ್ಲಿ ಪ್ರಸ್ತಾಪವಾದ 2,000 ಮೆಗಾವ್ಯಾಟಿನ ಯೋಜನೆಗೆ ಮಾತ್ರ ತೀವ್ರ ವಿರೋಧವಿದೆ. ಸಿಂಗಳೀಕಗಳ ಅಭಯಾರಣ್ಯದ ನಡುವೆ ಸುರಂಗ ಕೊರೆದು ಹಸಿರು ವಿದ್ಯುತ್ತು ಪಡೆಯಬೇಕೇ ಎಂಬುದು ಅಲ್ಲಿನವರ ಪ್ರಶ್ನೆ. ಇಂಗಾಲದ ಲೆಕ್ಕಕ್ಕೆ ಕಾಡಿನ ಬೆಲೆಯೂ ಸೇರಬೇಕೆಂಬ ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ.

ಲೆಕ್ಕ ಯಾರ ಖಾತೆಗೆ?

ಚಿತ್ರದುರ್ಗದ ಗಾಳಿಯಂತ್ರದ ಪ್ರಮಾಣಪತ್ರವನ್ನು ಮಹಾರಾಷ್ಟ್ರದ ಕಾರ್ಖಾನೆಯೊಂದು ಕೊಂಡರೆ ಬಾಧ್ಯತೆ ಪೂರೈಸಿದ ಕೀರ್ತಿ ಮಹಾರಾಷ್ಟ್ರದ್ದು, ಹೊಗೆ ಇಳಿಯುವುದು ಬಹುಶಃ ಕರ್ನಾಟಕದಲ್ಲಿ. ಚಂದ್ರಪುರದಲ್ಲಿ ಏಳುವ ಹೊಗೆ ಚಂದ್ರಪುರದ ಖಾತೆಗೆ, ಅದರ ಬೆಳಕು ಕೋಪರಿಯ ಮನೆಗೆ. ಮುಂಬಯಿ ಮಹಾನಗರಪಾಲಿಕೆಯು 2022ರ ಮಾರ್ಚ್‌ನಲ್ಲಿ ಪ್ರಕಟಿಸಿದ ಹವಾಮಾನ ಕ್ರಿಯಾ ಯೋಜನೆಯು ಚಿಮಣಿ ಎಲ್ಲಿದೆ ಎಂದು ನೋಡದೆ ಬಳಸಿದವರ ಖಾತೆಗೇ ವಿದ್ಯುತ್ತಿನ ಹೊಗೆಯನ್ನು ಸೇರಿಸಿತು. 2019ರಲ್ಲಿ ನಗರದ ಒಟ್ಟು ಹೊರಸೂಸುವಿಕೆ ಸುಮಾರು 2.34 ಕೋಟಿ ಟನ್ ಎಂದೂ ಅದರಲ್ಲಿ ಶೇ. 70ಕ್ಕಿಂತ ಹೆಚ್ಚು ಇಂಧನ ಬಳಕೆಯದೆಂದೂ ಅದು ಕಂಡುಕೊಂಡಿತು. ಬಳಸುವವನೇ ಹೊಣೆಗಾರ ಎಂಬ ಈ ಕ್ರಮ ನ್ಯಾಯಸಮ್ಮತವೆಂದು ನಮ್ಮ ಅಭಿಪ್ರಾಯ.

ಇಡೀ ದೇಶದ ಜಾಲದ ಸರಾಸರಿಯನ್ನು ನೋಡಿದರೆ, ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ ಪ್ರಕಾರ 2022-23ರಲ್ಲಿ ಒಂದು ಯೂನಿಟ್ಟಿಗೆ 0.716 ಕಿಲೋಗ್ರಾಂ ಇದ್ದ ಇಂಗಾಲದ ಡೈಆಕ್ಸೈಡ್ 2023-24ರಲ್ಲಿ 0.727ಕ್ಕೆ ಏರಿತು. ಸೌರ ಸ್ಥಾವರಗಳು ಹೆಚ್ಚಿದ ವರ್ಷದಲ್ಲಿಯೇ ಹೀಗಾಯಿತು. ಬೇಡಿಕೆ ವೇಗವಾಗಿ ಬೆಳೆಯಿತು, ಜಲವಿದ್ಯುತ್ತು ಕುಸಿಯಿತು, ಆ ಅಂತರವನ್ನು ಕಲ್ಲಿದ್ದಲು ತುಂಬಿತು. ಶೇಕಡಾವಾರು ಗುರಿಯ ಮಿತಿಯೇ ಇದು. ಒಟ್ಟು ಬಳಕೆ ಬೆಳೆದರೆ ಹಸಿರು ಪಾಲಿನೊಂದಿಗೆ ಹೊಗೆಯೂ ಏರಬಹುದು. ಕಡ್ಡಾಯವಿಲ್ಲದಿದ್ದರೆ ಆ ಏರಿಕೆ ಇನ್ನೂ ಹೆಚ್ಚಿರುತ್ತಿತ್ತು ಎಂಬುದನ್ನೂ ಇಲ್ಲಿಯೇ ಹೇಳಬೇಕು.

ನಮ್ಮ ಮನೆ, ಸೊಸೈಟಿ, ಹೋಟೆಲು

ತಿಂಗಳಿಗೆ 300 ಯೂನಿಟ್ ಬಳಸುವ ಕುಟುಂಬವೊಂದು ವರ್ಷಕ್ಕೆ 3,600 ಯೂನಿಟ್ ಬಳಸುತ್ತದೆ. ಮೇಲಿನ ಸರಾಸರಿಯಂತೆ ಅದರ ಪಾಲಿನ ಇಂಗಾಲದ ಡೈಆಕ್ಸೈಡ್ ಸುಮಾರು 2.6 ಟನ್. ನಮ್ಮ ಬಿಸಿಲಿನಲ್ಲಿ ಒಂದು ಕಿಲೋವ್ಯಾಟಿನ ಛಾವಣಿ ಸೌರ ಫಲಕವು ವರ್ಷಕ್ಕೆ ಸುಮಾರು 1,400 ಯೂನಿಟ್ ನೀಡುತ್ತದೆ, ಅಂದರೆ ಒಂದು ಟನ್ನಿನಷ್ಟು ಉಳಿತಾಯ. 2024ರ ಫೆಬ್ರವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯು ಹೌಸಿಂಗ್ ಸೊಸೈಟಿಗಳ ಲಿಫ್ಟು, ನೀರಿನ ಪಂಪು, ಮೆಟ್ಟಿಲ ದೀಪಗಳಂತಹ ಸಾಮಾನ್ಯ ಬಳಕೆಗೆ ಪ್ರತಿ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ನಿಗದಿಪಡಿಸಿತು. 20 ಕಿಲೋವ್ಯಾಟ್ ಅಳವಡಿಸುವ ಸೊಸೈಟಿಗೆ ಇದು 3.6 ಲಕ್ಷ ರೂಪಾಯಿ.

ಇಲ್ಲೊಂದು ಸೂಕ್ಷ್ಮವಿದೆ. ಮನೆಯ ಛಾವಣಿಯಲ್ಲಿ ಹುಟ್ಟಿದ ಯೂನಿಟ್ಟುಗಳನ್ನು ವಿತರಣಾ ಕಂಪೆನಿಯು ತನ್ನ ಬಾಧ್ಯತೆಯ ಲೆಕ್ಕಕ್ಕೆ ಸೇರಿಸಿಕೊಳ್ಳಲು ಮಹಾರಾಷ್ಟ್ರದ ನಿಯಮ ಅವಕಾಶ ನೀಡುತ್ತದೆ. ಕಂಪೆನಿಯು ಗುರಿ ಮುಟ್ಟಿದೆವೆಂದು ಬೇರೆಡೆಯ ಖರೀದಿಯನ್ನು ಅಷ್ಟೇ ಇಳಿಸಿದರೆ ನಮ್ಮ ಫಲಕದಿಂದ ಹೆಚ್ಚುವರಿ ಲಾಭವಿಲ್ಲ. ಗುರಿಯನ್ನು ಗರಿಷ್ಠ ಮಿತಿಯೆಂದು ತಿಳಿಯದೆ ಕನಿಷ್ಠ ಮಿತಿಯೆಂದು ತಿಳಿದು ಮುನ್ನಡೆದಾಗ ಮಾತ್ರ ಛಾವಣಿಯ ಶ್ರಮ ಸಾರ್ಥಕ.

ಹೋಟೆಲು ಉದ್ಯಮದಲ್ಲಿರುವ ನಮ್ಮವರಿಗೂ ಒಂದು ಮಾತು. 10 ಕಿಲೋವ್ಯಾಟಿಗಿಂತ ಹೆಚ್ಚಿನ ಬೇಡಿಕೆಯ ವಾಣಿಜ್ಯ ಗ್ರಾಹಕರಿಗೆ ಬಿಸಿಲಿನ ಗಂಟೆಗಳಲ್ಲಿ ದರ ಕಡಿಮೆಯಿರಬೇಕು, ಸಂಜೆಯ ಒತ್ತಡದ ಗಂಟೆಗಳಲ್ಲಿ ಹೆಚ್ಚಿರಬೇಕು ಎಂದು ಕೇಂದ್ರದ 2023ರ ನಿಯಮ ಹೇಳಿತು. ಹಿಟ್ಟು ರುಬ್ಬುವುದು, ಬಟ್ಟೆ ಒಗೆಯುವುದು, ನೀರು ಏರಿಸುವುದು, ಶೀತಲ ಕೋಣೆಯನ್ನು ಹೆಚ್ಚು ತಂಪಾಗಿಸಿಕೊಳ್ಳುವುದು ಇವುಗಳಲ್ಲಿ ಸಾಧ್ಯವಾದಷ್ಟನ್ನು ಹಗಲಿಗೆ ತಂದರೆ ಬಿಲ್ಲೂ ಇಳಿಯುತ್ತದೆ, ಸಂಜೆಯ ಕಲ್ಲಿದ್ದಲೂ ಉಳಿಯುತ್ತದೆ.

ದರ ಪರಿಷ್ಕರಣೆಗೂ ಖರೀದಿ ಬಾಧ್ಯತೆಗೂ ಮುನ್ನ ವಿದ್ಯುತ್ ನಿಯಂತ್ರಣ ಆಯೋಗವು ಸಾರ್ವಜನಿಕರ ಅಭಿಪ್ರಾಯ ಆಹ್ವಾನಿಸುತ್ತದೆ. ಅಲ್ಲಿ ಸಾಮಾನ್ಯವಾಗಿ ಚರ್ಚೆಯಾಗುವುದು ದರ. ಶೇಕಡಾ ಎಷ್ಟು ಕೊಂಡಿರಿ ಎಂಬುದರ ಜೊತೆಗೆ ಯಾವ ಗಂಟೆಯಲ್ಲಿ ಕೊಂಡಿರಿ, ಯಾವ ಸ್ಥಾವರ ಎಷ್ಟು ಇಳಿಯಿತು, ಯಾವ ತಂತಿಯ ಕೊರತೆಯಿಂದ ಯಾವುದು ಇಳಿಯಲಿಲ್ಲ ಎಂಬುದನ್ನೂ ವರ್ಷ ವರ್ಷ ಪ್ರಕಟಿಸಬೇಕೆಂದು ನಮ್ಮ ಸೊಸೈಟಿಗಳೂ ಸಂಘಸಂಸ್ಥೆಗಳೂ ಅಲ್ಲಿ ಲಿಖಿತವಾಗಿ ಕೇಳಬಹುದು. ಆ ಉತ್ತರ ದೊರೆತಾಗ ಕೋಪರಿಯ ಬಿಲ್ಲಿನಲ್ಲಿಯೇ ಚಂದ್ರಪುರದ, ಮಾಹುಲ್‌ನ, ಎಲ್ಲೂರಿನ ಲೆಕ್ಕವನ್ನೂ ಓದಲು ಸಾಧ್ಯವಾದೀತು.